ನಿರ್ಲಕ್ಷ್ಯವೆಂಬ ಹೆಸರಿನ ಸಾವುಗಳು

(ಉಪನ್ಯಾಸದ ಬರಹರೂಪ)



ಮಲೆನಾಡಿನ ಯಾವ ಊರಿಗೆ ಹೋದರೂ ಭತ್ತ ಹಾಲುಗಟ್ಟುವ ಹೊತ್ತಿಗೆ ಕೇಳಿಬರುವ ಮಾತು ಒಂದೇ: ಹಂದಿಯ ಕಾಟ. ಒಂದು ರಾತ್ರಿಯಲ್ಲಿ ಅರ್ಧ ಗದ್ದೆ ಕಳೆದುಕೊಂಡ ರೈತ ಏನು ಮಾಡಲೂ ಸಿದ್ಧನಾಗಿರುತ್ತಾನೆ. ಕೆಲವರು ಮಾಳ ಕಟ್ಟಿ ರಾತ್ರಿಯಿಡೀ ಕಾಯುತ್ತಾರೆ. ಕೈಯಲ್ಲಿ ಸ್ವಲ್ಪ ಹಣವಿದ್ದವರು ಜನ ಐಬೆಕ್ಸ್ ಬೇಲಿ ಎಂದು ಕರೆಯುವ ಸೌರಬೇಲಿ ಹಾಕಿಸುತ್ತಾರೆ. ಇನ್ನು ಕೆಲವರು, ಹಣವೂ ಇಲ್ಲದೆ ತಾಳ್ಮೆಯೂ ಉಳಿಯದೆ, ಪಂಪ್‌ಸೆಟ್ಟಿನ ಲೈನಿನಿಂದ ಗದ್ದೆಯ ಸುತ್ತಲಿನ ತಂತಿಗೆ ನೇರವಾಗಿ ಕರೆಂಟು ಕೊಡುತ್ತಾರೆ. ಬೆಳಗಾದಾಗ ಆ ತಂತಿಯ ಬಳಿ ಬಿದ್ದಿರುವುದು ಹಂದಿಯೇ ಆಗಿರಬೇಕೆಂದಿಲ್ಲ. ನೆರೆಮನೆಯ ಹಸುವಾಗಿರಬಹುದು, ಆನೆಯಾಗಿರಬಹುದು, ನೀರು ತಿರುಗಿಸಲು ನಸುಕಿನಲ್ಲೇ ಎದ್ದುಬಂದ ಪಕ್ಕದ ಗದ್ದೆಯವನಾಗಿರಬಹುದು.

ಈ ಎರಡು ಬೇಲಿಗಳ ನಡುವಿನ ವ್ಯತ್ಯಾಸ ತಿಳಿದಿದ್ದರೆ ಮುಂದಿನ ಕಾನೂನಿನ ಮಾತು ಸುಲಭವಾಗುತ್ತದೆ. ಸೌರಬೇಲಿಯಲ್ಲಿ ಬ್ಯಾಟರಿಗೂ ತಂತಿಗೂ ನಡುವೆ ಒಂದು ಯಂತ್ರವಿರುತ್ತದೆ. ಅದು ಸುಮಾರು ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಕಾಲದ ಒಂದು ಮಿಡಿತವನ್ನು ತಂತಿಗೆ ಕಳಿಸುತ್ತದೆ. ವೋಲ್ಟೇಜು ಹೆಚ್ಚಿದ್ದರೂ ಮಿಡಿತ ಮುಗಿದೊಡನೆ ದೇಹಕ್ಕೆ ಬಿಡುಗಡೆ. ಮುಟ್ಟಿದ ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ. ಲೈನಿನ ಕರೆಂಟು ಹಾಗಲ್ಲ. ಅದು ಸ್ನಾಯುಗಳನ್ನು ಬಿಗಿದು ಹಿಡಿಯುತ್ತದೆ, ಬಿಡುವುದಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವನ ಗುಂಡಿಗೆಯ ಲಯವನ್ನೇ ಕೆಡಿಸುತ್ತದೆ. ಒಂದು ಹೆದರಿಸುವ ಬೇಲಿ, ಇನ್ನೊಂದು ಕೊಲ್ಲುವ ಬೇಲಿ. ಇದು ಲೈನ್‌ಮನ್‌ಗೆ ಗೊತ್ತು, ಅಂಗಡಿಯವನಿಗೆ ಗೊತ್ತು, ತಂತಿ ಎಳೆದವನಿಗೂ ಗೊತ್ತು. ‘ಗೊತ್ತು’ ಎಂಬ ಆ ಪದವೇ ಇವತ್ತಿನ ವಿಷಯ.

ಇಂಥದೇ ಒಂದು ಪ್ರಕರಣ 1960ರ ದಶಕದ ಆರಂಭದಲ್ಲಿ ಬಿಹಾರದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ಕಾನೂನು ಪುಸ್ತಕಗಳಲ್ಲಿ ಅದು ಚೆರುಬಿನ್ ಗ್ರೆಗರಿ ಪ್ರಕರಣವೆಂದು ದಾಖಲಾಗಿದೆ. ತನ್ನ ಮನೆಯ ಶೌಚಗೃಹವನ್ನು ನೆರೆಯವರು ಬಳಸುತ್ತಿದ್ದಾರೆಂದು ಸಿಟ್ಟಾದ ಮನುಷ್ಯನೊಬ್ಬ ಅಲ್ಲಿಗೆ ಹೋಗುವ ದಾರಿಗೆ ಬರಿಯ ತಂತಿ ಬಿಗಿದು ಅದಕ್ಕೆ ಕರೆಂಟು ಹರಿಸಿದ್ದ. ಎಚ್ಚರಿಕೆಯ ಫಲಕವಿರಲಿಲ್ಲ. ನೆರೆಮನೆಯ ಹೆಂಗಸೊಬ್ಬಳು ತಂತಿ ತಗುಲಿ ಸತ್ತಳು. ಅವಳು ಅಪ್ಪಣೆಯಿಲ್ಲದೆ ಜಾಗಕ್ಕೆ ಬಂದವಳು, ಸ್ವಂತ ಆಸ್ತಿಯ ರಕ್ಷಣೆ ತನ್ನ ಹಕ್ಕು ಎಂಬುದು ಅವನ ವಾದ. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಅಪ್ಪಣೆಯಿಲ್ಲದೆ ಬಂದವರಿಗೂ ಪ್ರಾಣವಿದೆ. ಅವರನ್ನು ತಡೆಯಲು ಸಾವಿನ ಬಲೆ ಹೆಣೆಯುವ ಅಧಿಕಾರ ಯಾರಿಗೂ ಇಲ್ಲ ಎಂಬ ತಾತ್ಪರ್ಯದ ತೀರ್ಪು ಬಂತು. ಭಾರತೀಯ ದಂಡ ಸಂಹಿತೆಯ ಕಲಂ 304ಎ ಅಡಿಯಲ್ಲಿ ಅವನಿಗಾಗಿದ್ದ ಶಿಕ್ಷೆ ಖಾಯಂ ಆಯಿತು.

ಈ 304ಎ ಎಂಬುದು ಏನು? 1860ರ ದಂಡ ಸಂಹಿತೆಯ ಮೂಲ ಪಾಠದಲ್ಲಿ ಅದು ಇರಲಿಲ್ಲ. ಉದ್ದೇಶವಿಟ್ಟು ಕೊಂದವನಿಗೆ ಶಿಕ್ಷೆಯಿತ್ತು, ಸಾವು ಸಂಭವಿಸಬಹುದೆಂದು ತಿಳಿದೂ ಕೃತ್ಯ ನಡೆಸಿದವನಿಗೆ ಶಿಕ್ಷೆಯಿತ್ತು. ಉದ್ದೇಶವೂ ಇಲ್ಲದೆ ತಿಳಿವೂ ಇಲ್ಲದೆ, ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಒಂದು ಜೀವ ಕಳೆದವನಿಗೆ ಪ್ರತ್ಯೇಕ ಕಲಂ ಇರಲಿಲ್ಲ. ಹತ್ತು ವರ್ಷಗಳ ಮೇಲೆ, 1870ರಲ್ಲಿ, ಈ ಸಂದನ್ನು ಮುಚ್ಚಲೆಂದು 304ಎ ಸೇರಿಸಲಾಯಿತು. ಗರಿಷ್ಠ ಶಿಕ್ಷೆ ಎರಡು ವರ್ಷದ ಸೆರೆ, ಅಥವಾ ದಂಡ, ಅಥವಾ ಎರಡೂ. ಅದರ ಹಿಂದಿನ 304ನೆಯ ಕಲಮಿನ ಎರಡನೆಯ ಭಾಗ, ಅಂದರೆ ಸಾವು ಆದೀತೆಂದು ತಿಳಿದು ನಡೆಸಿದ ಕೃತ್ಯಕ್ಕೆ, ಹತ್ತು ವರ್ಷದವರೆಗೆ ಸೆರೆ. ಎರಡು ವರ್ಷಕ್ಕೂ ಹತ್ತು ವರ್ಷಕ್ಕೂ ನಡುವಿನ ಗಡಿಗೋಡೆ ‘ತಿಳಿದಿತ್ತೇ’ ಎಂಬ ಒಂದು ಪ್ರಶ್ನೆ. ದಂಡದ ವ್ಯತ್ಯಾಸವಷ್ಟೇ ಅಲ್ಲ ಇದು. ಎರಡು ವರ್ಷದ ಅಪರಾಧವನ್ನು ಮ್ಯಾಜಿಸ್ಟ್ರೇಟರು ವಿಚಾರಿಸುತ್ತಾರೆ, ಪೊಲೀಸು ಠಾಣೆಯಲ್ಲೇ ಜಾಮೀನು ಸಿಗುತ್ತದೆ. ಹತ್ತು ವರ್ಷದ್ದು ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ.

304ಎಗೆ ಇನ್ನೊಂದು ಇಕ್ಕಟ್ಟಿದೆ. ಸಾವಿಗೆ ಆರೋಪಿಯ ನಿರ್ಲಕ್ಷ್ಯವೇ ನೇರವಾದ, ಹತ್ತಿರದ ಕಾರಣವಾಗಿರಬೇಕು. ನಡುವೆ ಇನ್ನೊಬ್ಬನ ನಿರ್ಲಕ್ಷ್ಯ ಬಂದಿರಬಾರದು ಎಂದು ಬೊಂಬಾಯಿ ಹೈಕೋರ್ಟು 1902ರಲ್ಲೇ ಹೇಳಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನೇ ಮುಂದುವರಿಸಿತು. 1965ರ ಕಾನೂನು ವರದಿಗಳಲ್ಲಿ ಅಚ್ಚಾದ ಕುರ್ಬಾನ್ ಹುಸೇನ್ ಪ್ರಕರಣವನ್ನು ನೋಡಬೇಕು. ಬೊಂಬಾಯಿಯ ಒಂದು ಬಣ್ಣದ ಕಾರ್ಖಾನೆ. ಬೆಂಕಿಯಿಲ್ಲದೆ ಬಣ್ಣ ತಯಾರಿಸಲು ಮಾತ್ರ ಪರವಾನಗಿ. ವ್ಯವಸ್ಥಾಪಕರು ವಾರ್ನಿಶ್, ಟರ್ಪೆಂಟೈನ್ ದಾಸ್ತಾನಿದ್ದ ಕೋಣೆಯಲ್ಲೇ ಒಲೆ ಉರಿಸಲು ಬಿಟ್ಟಿದ್ದರು. ಒಂದು ದಿನ ಕಾರ್ಮಿಕನೊಬ್ಬ ಕಾದ ರಾಳ ಆರುವ ಮೊದಲೇ ಅದಕ್ಕೆ ಟರ್ಪೆಂಟೈನ್ ಸುರಿದ. ಬೆಂಕಿ ಎದ್ದು ಏಳು ಕಾರ್ಮಿಕರು ಸುಟ್ಟುಹೋದರು. ಸುರಿದವನ ಅವಸರವೇ ಹತ್ತಿರದ ಕಾರಣ, ಒಲೆಯಿಡಲು ಬಿಟ್ಟದ್ದು ದೂರದ ಕಾರಣ ಎಂದು ತರ್ಕಿಸಿ ವ್ಯವಸ್ಥಾಪಕರನ್ನು 304ಎ ಆರೋಪದಿಂದ ಬಿಡಲಾಯಿತು. ಬೆಂಕಿಯ ವಿಷಯದ ಅಜಾಗರೂಕತೆಗೆ ಇರುವ ಸಣ್ಣ ಕಲಂ ಮಾತ್ರ ಉಳಿಯಿತು.

ಶೌಚಗೃಹಕ್ಕೆ ತಂತಿ ಕಟ್ಟಿದವನು ಒಬ್ಬನೇ. ಕಟ್ಟಿದವನೂ ಅವನೇ, ಕರೆಂಟು ಬಿಟ್ಟವನೂ ಅವನೇ. ಅವನನ್ನು ಹಿಡಿಯಲು ಕಾನೂನಿಗೆ ಏನೂ ಕಷ್ಟವಾಗಲಿಲ್ಲ. ಕೈಗಳು ಹೆಚ್ಚಾದಂತೆ, ತೀರ್ಮಾನ ತೆಗೆದುಕೊಳ್ಳುವವನ ಮೇಜಿಗೂ ಸಾಯುವವನ ಮೂಗಿಗೂ ನಡುವಿನ ದೂರ ಹೆಚ್ಚಾದಂತೆ ಇದೇ ಕಾನೂನು ತಡವರಿಸತೊಡಗುತ್ತದೆ. ಕೊನೆಯ ಕೊಳಾಯಿ ತಿರುಗಿಸಿದವನು ಸಿಗುತ್ತಾನೆ. ಆ ಕೊಳಾಯಿ ಯಾಕೆ ಅಲ್ಲಿತ್ತು ಎಂಬುದನ್ನು ನಿರ್ಧರಿಸಿದವನು ಸಿಗುವುದಿಲ್ಲ. ಭೋಪಾಲದ ಕಥೆಯನ್ನು ಈ ಕೋನದಿಂದ ಇನ್ನೊಮ್ಮೆ ಓದುವುದು ಅಗತ್ಯ.

ಭೋಪಾಲ ಕೃಷಿಗೆ ಸಂಬಂಧಪಟ್ಟ ದುರಂತ ಎಂಬುದನ್ನು ಜನ ಮರೆಯುತ್ತಾರೆ. ಅಲ್ಲಿ ತಯಾರಾಗುತ್ತಿದ್ದದ್ದು ಸೆವಿನ್, ಅಂದರೆ ಕಾರ್ಬರಿಲ್ ಎಂಬ ಕೀಟನಾಶಕ. ಹಸಿರು ಕ್ರಾಂತಿಯ ಹುಮ್ಮಸ್ಸಿನ ದಿನಗಳಲ್ಲಿ ಹತ್ತಿ, ಭತ್ತ, ತರಕಾರಿಗಳಿಗೆ ಅದನ್ನು ಶಿಫಾರಸು ಮಾಡಲಾಗುತ್ತಿತ್ತು. ಅದನ್ನು ತಯಾರಿಸಲು ಎರಡು ದಾರಿಗಳಿದ್ದವು. ನ್ಯಾಫ್ತಾಲಿಗೆ ಮೊದಲು ಫಾಸ್ಜೀನ್, ಅನಂತರ ಮಿಥೈಲ್ ಅಮೈನ್ ಸೇರಿಸುವುದು ಒಂದು. ಮಿಥೈಲ್ ಐಸೋಸಯನೇಟ್, ಚಿಕ್ಕದಾಗಿ ‘ಮಿಕ್’, ಎಂಬ ವಿಷವನ್ನು ಮೊದಲು ತಯಾರಿಸಿಟ್ಟುಕೊಂಡು ಅದನ್ನು ನ್ಯಾಫ್ತಾಲಿಗೆ ಕೂಡಿಸುವುದು ಇನ್ನೊಂದು. ಮೊದಲ ದಾರಿಯಲ್ಲಿ ಮಿಕ್ ಬೇಕಾಗಿಯೇ ಇಲ್ಲ. ಭೋಪಾಲದಲ್ಲಿ ಆರಿಸಿಕೊಂಡದ್ದು ಎರಡನೆಯದನ್ನು. 1980ರಲ್ಲಿ ಅಲ್ಲೇ ಮಿಕ್ ತಯಾರಿಸುವ ಘಟಕ ಶುರುವಾಯಿತು, ಅದನ್ನು ಟನ್ನುಗಟ್ಟಲೆ ಸಂಗ್ರಹಿಸಿಡುವ ಟ್ಯಾಂಕುಗಳೂ ಬಂದವು. ಜನವಸತಿಯ ಮಗ್ಗುಲಲ್ಲೇ.

ಮಿಕ್‌ಗೆ ನೀರು ತಗುಲಿದರೆ ಅದು ಕುದಿಯುತ್ತದೆ, ಕುದಿದಷ್ಟೂ ಇನ್ನಷ್ಟು ಬಿಸಿಯಾಗುತ್ತದೆ. ಆದ್ದರಿಂದ ಅದನ್ನು ಸದಾ ತಂಪಾಗಿಡಬೇಕೆಂದು ಶೈತ್ಯಯಂತ್ರ ಇಡಲಾಗಿತ್ತು. ಅನಿಲ ಸೋರಿದರೆ ಕ್ಷಾರದ ದ್ರಾವಣದಲ್ಲಿ ತೊಳೆಯುವ ಗೋಪುರ, ಮತ್ತೂ ಮಿಕ್ಕಿದ್ದನ್ನು ಸುಟ್ಟುಹಾಕುವ ಜ್ವಾಲಾಗೋಪುರ, ಕೊನೆಗೆ ನೀರಿನ ಪರದೆ. ಕಾಗದದ ಮೇಲೆ ಎಲ್ಲವೂ ಇದ್ದವು. ಸೆವಿನ್‌ನ ಮಾರಾಟ ಇಳಿದಿತ್ತು, ಕಾರ್ಖಾನೆ ತನ್ನ ಸಾಮರ್ಥ್ಯದ ಅರ್ಧಕ್ಕಿಂತ ಬಹಳ ಕಡಿಮೆ ಉತ್ಪಾದಿಸುತ್ತಿತ್ತು, ನಷ್ಟ ಏರುತ್ತಿತ್ತು. ಖರ್ಚು ಕಡಿತ ಆರಂಭವಾಯಿತು. ಮಿಕ್ ಘಟಕದ ಪಾಳಿಯಲ್ಲಿ ಕೆಲಸಗಾರರ ಸಂಖ್ಯೆ ಹನ್ನೆರಡರಿಂದ ಆರಕ್ಕಿಳಿಯಿತು. ರಾತ್ರಿ ಪಾಳಿಯ ನಿರ್ವಹಣಾ ಮೇಲ್ವಿಚಾರಕನ ಹುದ್ದೆ ರದ್ದಾಯಿತು. 1984ರ ಜೂನ್‌ನಲ್ಲಿ ಶೈತ್ಯಯಂತ್ರವನ್ನೇ ನಿಲ್ಲಿಸಲಾಯಿತು. ಜ್ವಾಲಾಗೋಪುರದ ಕೊಳವೆಯ ಒಂದು ತುಂಡನ್ನು ದುರಸ್ತಿಗೆಂದು ಕಳಚಿಟ್ಟಿದ್ದರು. ನೀರಿನ ಪರದೆ ಅನಿಲ ಹೊರಬಂದ ಎತ್ತರವನ್ನು ಮುಟ್ಟುವಂತಿರಲಿಲ್ಲ. 1984ರ ಡಿಸೆಂಬರ್ 2ರ ರಾತ್ರಿ 610ನೆಯ ಟ್ಯಾಂಕಿಗೆ ನೀರು ಹೊಕ್ಕಿತು. ಸುಮಾರು 40 ಟನ್ ವಿಷಾನಿಲ ಮಲಗಿದ್ದ ಊರಿನ ಮೇಲೆ ಇಳಿಯಿತು. ಪರಿಹಾರದ ಲೆಕ್ಕದಲ್ಲಿ ಸರ್ಕಾರ ಒಪ್ಪಿಕೊಂಡ ಸಾವುಗಳೇ 5,295. ಸಂತ್ರಸ್ತರ ಸಂಘಟನೆಗಳು ಹೇಳುವ ಸಂಖ್ಯೆ ಅದರ ಹಲವು ಪಟ್ಟು.

ಇದು ಯಾರಿಗೂ ತಿಳಿಯದೆ ನಡೆದದ್ದೇ? 1981ರ ಡಿಸೆಂಬರ್‌ನಲ್ಲೇ ಅಲ್ಲಿ ಫಾಸ್ಜೀನ್ ತಗುಲಿ ಒಬ್ಬ ಕಾರ್ಮಿಕ ಸತ್ತಿದ್ದ. 1982ರ ಮೇ ತಿಂಗಳಲ್ಲಿ ಮಾತೃಸಂಸ್ಥೆಯ ಅಮೆರಿಕದ ತಜ್ಞರ ತಂಡವೇ ಬಂದು ಪರಿಶೀಲಿಸಿ ಹತ್ತಾರು ಅಪಾಯಗಳ ಪಟ್ಟಿ ಬರೆದುಕೊಟ್ಟಿತ್ತು. ಅದೇ ವರ್ಷ ಪತ್ರಕರ್ತ ರಾಜಕುಮಾರ ಕೇಸ್ವಾನಿ ತಮ್ಮ ಸಣ್ಣ ಹಿಂದಿ ವಾರಪತ್ರಿಕೆಯಲ್ಲಿ ಮೇಲಿಂದ ಮೇಲೆ ಬರೆದರು: ಊರು ಜ್ವಾಲಾಮುಖಿಯ ಮೇಲೆ ಕೂತಿದೆ, ಉಳಿಸಿಕೊಳ್ಳಿ ಎಂದು. ಪ್ರಶ್ನೆ ವಿಧಾನಸಭೆಗೂ ಹೋಯಿತು. ಕೋಟ್ಯಂತರ ರೂಪಾಯಿ ಹೂಡಿದ ಕಾರ್ಖಾನೆ ಎತ್ತಿ ಪಕ್ಕಕ್ಕಿಡಬಹುದಾದ ಕಲ್ಲಲ್ಲ, ಭೋಪಾಲಕ್ಕೆ ಯಾವ ಅಪಾಯವೂ ಇಲ್ಲ ಎಂಬರ್ಥದ ಉತ್ತರವನ್ನು ಅಂದಿನ ಕಾರ್ಮಿಕ ಸಚಿವರು ಸದನದಲ್ಲಿ ಕೊಟ್ಟರು.

ಡಿಸೆಂಬರ್ 3ರಂದು ಹನುಮಾನ್‌ಗಂಜ್ ಠಾಣೆಯಲ್ಲಿ ದಾಖಲಾದ ಮೊದಲ ದೂರು 304ಎ ಅಡಿಯಲ್ಲಿ. ಲಾರಿ ಹಾಯ್ದು ಒಬ್ಬ ಸತ್ತಾಗ ಯಾವ ಕಲಂ ಬರೆಯುತ್ತಾರೋ ಅದೇ. ತನಿಖೆ ಸಿಬಿಐಗೆ ಹೋಯಿತು. ಮೂರು ವರ್ಷದ ಮೇಲೆ, 1987ರ ಡಿಸೆಂಬರ್ 1ರಂದು ಸಲ್ಲಿಸಿದ ಆರೋಪಪಟ್ಟಿಯಲ್ಲಿ ಕಲಂ 304ರ ಎರಡನೆಯ ಭಾಗ ಬಂತು. ಅಂದರೆ ತನಿಖಾಧಿಕಾರಿಗಳ ಅಭಿಪ್ರಾಯದಲ್ಲಿ ‘ತಿಳಿದಿತ್ತು’. ನಡುವೆ 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರುಗಳ ರಾಜಿಯಾಯಿತು, ಕ್ರಿಮಿನಲ್ ಮೊಕದ್ದಮೆಯನ್ನೂ ಅದರೊಡನೆ ಕೈಬಿಡಲಾಯಿತು. ಜನರ ಹೋರಾಟದಿಂದಾಗಿ 1991ರ ಅಕ್ಟೋಬರ್‌ನಲ್ಲಿ ಮೊಕದ್ದಮೆಗೆ ಮತ್ತೆ ಜೀವ ಬಂತು. ಕಂಪನಿಯ ಭಾರತೀಯ ಅಧಿಕಾರಿಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1996ರ ಸೆಪ್ಟೆಂಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಆರೋಪವನ್ನು 304ಎಗೆ ಇಳಿಸಿತು. ಕಾರ್ಖಾನೆಯ ರಚನೆಯಲ್ಲೂ ನಡೆಸುವಿಕೆಯಲ್ಲೂ ದೋಷಗಳಿದ್ದವೆಂಬುದಕ್ಕೆ ಮೇಲ್ನೋಟದ ಸಾಕ್ಷ್ಯವಿದೆ. ಆದರೆ ಆ ರಾತ್ರಿ ಕಾರ್ಖಾನೆ ನಡೆಸುವುದರಿಂದಲೇ ಜನ ಸಾಯುತ್ತಾರೆಂಬ ತಿಳಿವು ಆರೋಪಿಗಳಿಗಿತ್ತೆಂಬುದಕ್ಕೆ ಇಲ್ಲ ಎಂಬುದು ಅದರ ತರ್ಕ.

ಈ ತರ್ಕವನ್ನು ಸ್ವಲ್ಪ ನಿಂತು ಪರಿಶೀಲಿಸಬೇಕು. ‘ಆ ರಾತ್ರಿ’ ತಿಳಿದಿತ್ತೇ ಎಂದು ಕೇಳಿದರೆ ಉತ್ತರ ಇಲ್ಲವೆಂದೇ ಬರುತ್ತದೆ. ಮುಂಬಯಿಯ ಕಚೇರಿಯಲ್ಲಿದ್ದವನಿಗೆ ಆ ರಾತ್ರಿಯ ವಿಷಯ ತಿಳಿದಿರುವುದು ಹೇಗೆ? ತಿಳಿವು ಇದ್ದದ್ದು ಜೂನ್‌ನಲ್ಲಿ, ಶೈತ್ಯಯಂತ್ರ ನಿಲ್ಲಿಸಿದ ದಿನ. ತಿಳಿವು ಇದ್ದದ್ದು 1982ರ ವರದಿ ಮೇಜಿಗೆ ಬಂದ ದಿನ. ಒಂದು ದುರಂತ ಹಲವು ವರ್ಷಗಳ ಸಣ್ಣ ಸಣ್ಣ ಆದೇಶಗಳಲ್ಲಿ ಕಟ್ಟಲ್ಪಡುತ್ತದೆ. ಪ್ರತಿಯೊಂದು ಆದೇಶವೂ ಬಿಡಿಯಾಗಿ ನೋಡಿದರೆ ಬರಿಯ ಮಿತವ್ಯಯ. ತಂತಿ ಎಳೆದವನ ತಿಳಿವನ್ನು ತಂತಿ ಎಳೆದ ಸಂಜೆಯಿಂದ ಅಳೆಯುವುದಾದರೆ ಕಾರ್ಖಾನೆಯವನದನ್ನು ಸೋರಿಕೆಯ ಮಧ್ಯರಾತ್ರಿಯಿಂದ ಅಳೆಯುವುದೇಕೆ? ನ್ಯಾಯಮೂರ್ತಿಗಳ ಪ್ರಾಮಾಣಿಕತೆಯ ಪ್ರಶ್ನೆ ಇಲ್ಲಿಲ್ಲ. ಒಬ್ಬ ಮನುಷ್ಯ, ಒಂದು ಕೃತ್ಯ, ಒಂದು ಸಾವು ಎಂಬ ಹತ್ತೊಂಬತ್ತನೆಯ ಶತಮಾನದ ಚೌಕಟ್ಟಿನಲ್ಲಿ ಇಪ್ಪತ್ತನೆಯ ಶತಮಾನದ ಕಾರ್ಖಾನೆಯನ್ನು ಕೂರಿಸಲು ಹೊರಟ ತೊಡಕು ಇದು.

ಇನ್ನೊಂದು ಸಂಗತಿ. ಮೂಲ ಆರೋಪಪಟ್ಟಿಯಲ್ಲಿ ಕಲಂ 429 ಕೂಡ ಇತ್ತು. ದನಕರುಗಳನ್ನು ಕೊಂದ ಅಪರಾಧ. ಆ ರಾತ್ರಿ ಸಾವಿರಾರು ಜಾನುವಾರುಗಳೂ ಸತ್ತಿದ್ದವು. 429ಕ್ಕೆ ಗರಿಷ್ಠ ಶಿಕ್ಷೆ ಐದು ವರ್ಷ, 304ಎಗೆ ಎರಡು. ಮೊದಲನೆಯದಕ್ಕೆ ಉದ್ದೇಶ ಅಥವಾ ತಿಳಿವು ಬೇಕು, ಎರಡನೆಯದಕ್ಕೆ ಬೇಡ ಎಂದು ವಕೀಲರು ವಿವರಿಸಿಯಾರು. ಆ ವಿವರಣೆ ಸರಿಯೂ ಹೌದು. ಆದರೂ ಎಮ್ಮೆ ಮತ್ತು ಮಗು ಎರಡನ್ನೂ ಒಂದೇ ರಾತ್ರಿ ಕಳೆದುಕೊಂಡ ತಾಯಿಗೆ ಅದನ್ನು ವಿವರಿಸುವುದು ಸುಲಭವಲ್ಲ.

2010ರ ಜೂನ್ 7ರಂದು, ಅಂದರೆ ಇಪ್ಪತ್ತೈದೂವರೆ ವರ್ಷಗಳ ನಂತರ, ಭೋಪಾಲದ ಮುಖ್ಯ ನ್ಯಾಯಿಕ ದಂಡಾಧಿಕಾರಿಗಳು ಬದುಕಿದ್ದ ಏಳು ಅಧಿಕಾರಿಗಳಿಗೆ ತಲಾ ಎರಡು ವರ್ಷದ ಶಿಕ್ಷೆ ವಿಧಿಸಿದರು. ಅವರಿಗೆ ವಿಧಿಸಬಹುದಾಗಿದ್ದುದೇ ಅಷ್ಟು. ಅದೇ ದಿನ ಜಾಮೀನು ಸಿಕ್ಕಿತು. ದೇಶದಲ್ಲೆಲ್ಲ ಸಿಟ್ಟೆದ್ದ ಮೇಲೆ ಸಿಬಿಐ 1996ರ ತೀರ್ಪನ್ನು ಮರುಪರಿಶೀಲಿಸುವಂತೆ ಕೇಳಿಕೊಂಡಿತು. 2011ರ ಮೇ 11ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಅರ್ಜಿಯನ್ನು ವಜಾ ಮಾಡಿತು. ಹದಿನಾಲ್ಕು ವರ್ಷ ಸುಮ್ಮನಿದ್ದುದಕ್ಕೆ ಸಮಾಧಾನಕರ ಕಾರಣವಿಲ್ಲ ಎಂದಿತು. ಆದರೆ ಜೊತೆಗೇ ಒಂದು ಮಾತನ್ನೂ ಸೇರಿಸಿತು. 1996ರ ತೀರ್ಪು ಆಗ ಕಡತದಲ್ಲಿದ್ದ ಸಾಮಗ್ರಿಯನ್ನು ಮಾತ್ರ ನೋಡಿ ಕೊಟ್ಟದ್ದು. ವಿಚಾರಣೆಯಲ್ಲಿ ಹೆಚ್ಚಿನ ಸಾಕ್ಷ್ಯ ಬಂದಿದ್ದರೆ ಮೊಕದ್ದಮೆಯನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಲು ಮ್ಯಾಜಿಸ್ಟ್ರೇಟರ ಕೈಯನ್ನು ಅದು ಕಟ್ಟಿಹಾಕಿರಲಿಲ್ಲ ಎಂದು. ಬಾಗಿಲು ಅಷ್ಟೂ ವರ್ಷ ತೆರೆದೇ ಇತ್ತು, ತಳ್ಳಬೇಕಾದವರು ತಳ್ಳಿರಲಿಲ್ಲ.

ಯಾವ ಸೆವಿನ್‌ಗಾಗಿ ಇಷ್ಟೆಲ್ಲ ಆಯಿತೋ ಆ ಕಾರ್ಬರಿಲ್ ಅನ್ನು 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇನ್ನೂ ಹನ್ನೊಂದು ಕೀಟನಾಶಕಗಳ ಜೊತೆ ನಿಷೇಧಿಸಿತು.

ಭೋಪಾಲ ಒಂದು ರಾತ್ರಿಯ ಸಾವು. ನಿಧಾನದ ಸಾವುಗಳ ಮುಂದೆ ಈ ಕಾನೂನು ಇನ್ನೂ ಅಸಹಾಯಕ. ಘಟ್ಟದ ಕೆಳಗಿನ ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಲೂ ಅದೇ ಕಥೆ. ಗುಡ್ಡದ ನೆತ್ತಿಯ ಮೇಲೆ ತೋಟ, ಬುಡದಲ್ಲಿ ಮನೆ, ಬಾವಿ, ಸುರಂಗ, ತೋಡು. ಮೇಲೆ ಸುರಿದದ್ದು ಕೆಳಗಿಳಿಯದೆ ಎಲ್ಲಿಗೆ ಹೋದೀತು? ಗಾಳಿ, ಇಳಿಜಾರು, ಮಳೆ ಇವುಗಳನ್ನು ಬಲ್ಲ ಯಾವ ಕೃಷಿಕನೂ ಹೇಳಬಹುದಾಗಿದ್ದ ಮಾತು ಇದು. ಪತ್ರಕರ್ತ ಶ್ರೀಪಡ್ರೆಯವರು ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಬಹಳ ಮೊದಲೇ ಬರೆದಿದ್ದರು. ಊರಿನ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ದಾಖಲಿಸಿದ್ದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳಕ್ಕೆ ಆದೇಶಿಸಿತು. ಪರಿಹಾರದ ಪ್ರಶ್ನೆ ಹೀಗೆ ಒಂದು ದಡ ಸೇರುತ್ತದೆ. ಆದರೆ ಹತ್ತು ವರ್ಷದ ಹಿಂದೆ ಹಾರಿದ ಹೆಲಿಕಾಪ್ಟರಿಗೂ ಇವತ್ತು ಸತ್ತ ಮಗುವಿಗೂ ‘ಹತ್ತಿರದ ಕಾರಣ’ದ ಸಂಬಂಧವನ್ನು ಸಂಶಯಕ್ಕೆಡೆಯಿಲ್ಲದಂತೆ ಸಾಬೀತುಪಡಿಸುವ ಪ್ರಾಸಿಕ್ಯೂಟರು ಎಲ್ಲಿದ್ದಾನೆ?

ಅಷ್ಟೇನೂ ನಿಧಾನವಲ್ಲದ ಸಾವುಗಳಲ್ಲೂ ದಾರಿ ತಪ್ಪುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ಸುಮಾರು ಇಪ್ಪತ್ತು ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಕೂಡಲೇ ಕೇಳಿಬಂದದ್ದು, ಕೂಲಿಯವರು ಮುಖಕವಚ ಧರಿಸಿರಲಿಲ್ಲ ಎಂಬ ಮಾತು. ಅಕ್ಟೋಬರಿನ ಬಿಸಿಲಿನಲ್ಲಿ ಆಳೆತ್ತರದ ಹತ್ತಿಯ ನಡುವೆ ಕೈಗವಸು, ಕನ್ನಡಕ, ಮುಖಕವಚ ತೊಟ್ಟು ದಿನವಿಡೀ ಔಷಧಿ ಹೊಡೆಯಲು ಸಾಧ್ಯವಿಲ್ಲ ಎಂಬುದು ಡಬ್ಬಿಯ ಮೇಲೆ ಆ ಸೂಚನೆ ಅಚ್ಚು ಹಾಕಿದವರಿಗೂ ಗೊತ್ತಿರುವ ವಿಷಯ. ಸತ್ತವನದೂ ಸ್ವಲ್ಪ ತಪ್ಪಿತ್ತು ಎಂಬುದು ಕ್ರಿಮಿನಲ್ ಆರೋಪಕ್ಕೆ ಉತ್ತರವಾಗುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಹೆಚ್ಚೆಂದರೆ ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಅದನ್ನು ಪರಿಗಣಿಸಬಹುದು. ಈ ದೇಶಕ್ಕೆ ಒಂದು ಕೀಟನಾಶಕ ಕಾಯಿದೆ ಬಂದದ್ದೇ ಸಾವುಗಳ ಬೆನ್ನಿಗೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಹತ್ತು ವರ್ಷದ ಮೇಲೆ, 1968ರಲ್ಲಿ ಕಾಯಿದೆಯಾಯಿತು.

ಈಗ ಕಾನೂನಿನ ಹೆಸರೂ ಸಂಖ್ಯೆಯೂ ಬದಲಾಗಿವೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 304ಎ ಈಗ ಕಲಂ 106. ಗರಿಷ್ಠ ಶಿಕ್ಷೆ ಐದು ವರ್ಷಕ್ಕೇರಿದೆ, ವೈದ್ಯರ ವಿಷಯದಲ್ಲಿ ಎರಡೇ ಉಳಿದಿದೆ. ಡಿಕ್ಕಿ ಹೊಡೆದು ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷ ಎಂಬ ಉಪಕಲಮಿಗೆ ಲಾರಿ ಚಾಲಕರು ಮುಷ್ಕರ ಹೂಡಿದರು. ಜುಲೈ 1ರಂದು ಅದೊಂದನ್ನು ಬಿಟ್ಟು ಉಳಿದದ್ದನ್ನು ಜಾರಿಗೆ ತರಲಾಯಿತು. ತಿಳಿದು ಮಾಡಿದ ನರಹತ್ಯೆ ಈಗ ಕಲಂ 105ರಲ್ಲಿದೆ. ಎರಡು ಐದಾದದ್ದು ಒಳ್ಳೆಯದೇ. ಆದರೆ ಕಾರ್ಖಾನೆ, ಅಣೆಕಟ್ಟು, ಗಣಿ, ಹೆದ್ದಾರಿ ಇವುಗಳಲ್ಲಿ ತೀರ್ಮಾನ ತೆಗೆದುಕೊಳ್ಳುವವರ ಹೊಣೆಯ ಬಗ್ಗೆ ಹೊಸ ಸಂಹಿತೆಯ ಈ ಕಲಮಿನಲ್ಲಿ ಒಂದು ಮಾತೂ ಇಲ್ಲ. ಅದೇ ಹೊತ್ತಿಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿದೆ. ಭೋಪಾಲದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯಿದೆಯಲ್ಲಿ ನಿಯಮ ಮುರಿದವರಿಗೆ ಐದು ವರ್ಷದವರೆಗೆ ಸೆರೆಯಿತ್ತು. 2023ರ ಜನ ವಿಶ್ವಾಸ ಕಾಯಿದೆ ಆ ಸೆರೆಯನ್ನು ತೆಗೆದುಹಾಕಿ ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿವರೆಗಿನ ದಂಡವನ್ನು ಇಟ್ಟಿತು. ಅದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾವಾಗುವ ಮೊದಲು ಹೆದರಿಸುತ್ತಿದ್ದ ಕಾನೂನು ಸಡಿಲವಾಯಿತು, ಸತ್ತ ಮೇಲೆ ಬರುವ ಕಾನೂನು ತುಸು ಬಿಗಿಯಾಯಿತು. ದೊಡ್ಡ ಕಂಪನಿಗೆ ಹದಿನೈದು ಲಕ್ಷವೆಂದರೆ ಶೈತ್ಯಯಂತ್ರದ ವಿದ್ಯುತ್ ಬಿಲ್ಲಿನಂತೆ ಮತ್ತೊಂದು ಖರ್ಚು.

ಈ ಸಭೆಯಲ್ಲಿರುವವರಿಗೆ ಇದೆಲ್ಲ ದೂರದ ಊರಿನ ಮಾತಲ್ಲ. 2024ರ ಜುಲೈ 16ರ ಬೆಳಗ್ಗೆ ಅಂಕೋಲೆಯ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿಗೆ ನುಗ್ಗಿತು. 11 ಜನರನ್ನು ಕಳೆದುಕೊಳ್ಳಬೇಕಾಯಿತು. ಎರಡು ವಾರದೊಳಗೆ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಪ್ರತಿ ಸಲವೂ ಮಳೆಯ ಮಿಲಿಮೀಟರುಗಳನ್ನು ಎಣಿಸಿ, ಪ್ರಕೃತಿ ವಿಕೋಪವೆಂದು ಬರೆದು ಕಡತ ಮುಚ್ಚುವ ಪ್ರಯತ್ನ ನಡೆಯುತ್ತದೆ. ಮಳೆ ಕಾರಣವಲ್ಲವೆಂದಲ್ಲ. ಆದರೆ ಮೇಲೆ ಜಂಬಿಟ್ಟಿಗೆ, ಅದರಡಿ ಶೇಡಿ ಮಣ್ಣು ಇರುವ ಗುಡ್ಡದ ಬುಡವನ್ನು ಗೋಡೆಯ ಹಾಗೆ ನೇರವಾಗಿ ಕಡಿದರೆ, ನೀರು ಕುಡಿದ ಶೇಡಿ ಮಣ್ಣು ಬೆಣ್ಣೆಯಂತೆ ಜಾರುತ್ತದೆ ಎಂಬುದು ಬಾವಿ ತೋಡುವ ಕೂಲಿಯವನಿಗೂ ತಿಳಿದ ವಿಜ್ಞಾನ. ಇಳಿಜಾರನ್ನು ಯಾವ ಕೋನದಲ್ಲಿ ಕಡಿಯಬೇಕು, ಎಷ್ಟು ಮೆಟ್ಟಿಲು ಬಿಡಬೇಕು, ನೀರು ಎಲ್ಲಿಂದ ಹೊರಹೋಗಬೇಕು ಎಂಬುದಕ್ಕೆಲ್ಲ ಲೆಕ್ಕವಿದೆ. ಎಲ್ಲಿ ಯಾವ ಲೆಕ್ಕ ತಪ್ಪಿತೆಂಬುದನ್ನು ಒಂದೊಂದು ಕುಸಿತಕ್ಕೂ ಬೇರೆಬೇರೆಯಾಗಿ ತನಿಖೆಯೇ ಹೇಳಬೇಕು; ತನಿಖೆಗೆ ಮೊದಲೇ ತೀರ್ಪು ಕೊಡುವುದು ಸಲ್ಲ. ಕುಸಿಯುವ ಮೊದಲು ಯಾರಿಗೆ ಏನು ತಿಳಿದಿತ್ತು ಎಂಬುದು ಆ ತನಿಖೆಯ ಮೊದಲ ಪ್ರಶ್ನೆಯಾಗಬೇಕು ಎನ್ನುವುದಷ್ಟೇ ಇಲ್ಲಿನ ವಾದ.

ಇದೇ ವಾದವನ್ನು ಬೇಲಿಯ ವಿಷಯಕ್ಕೂ ಅನ್ವಯಿಸದಿದ್ದರೆ ಅಪ್ರಾಮಾಣಿಕತೆಯಾದೀತು. ಲೈನಿನಿಂದ ನೇರವಾಗಿ ಕರೆಂಟು ಕೊಟ್ಟವನಿಗೆ ಅದು ಕೊಲ್ಲುತ್ತದೆಂದು ಗೊತ್ತು. ಕೊಲ್ಲಲೆಂದೇ ಕೊಟ್ಟದ್ದು, ಸತ್ತದ್ದು ಹಂದಿಯ ಬದಲು ಮನುಷ್ಯ. ಇಂಥ ಸಾವುಗಳಿಗೆ ಪೊಲೀಸರು ನಿರ್ಲಕ್ಷ್ಯದ ಕಲಂ ಬಿಟ್ಟು ನರಹತ್ಯೆಯ ಕಲಂ ಹಾಕಿರುವುದುಂಟು. ಬಡ ರೈತನೆಂಬ ಮರುಕದಿಂದ ಊರವರು ಅದನ್ನು ವಿರೋಧಿಸುತ್ತಾರೆ. ಮರುಕ ಸಹಜ. ಹಂದಿಯ ನಷ್ಟಕ್ಕೆ ಸಕಾಲಕ್ಕೆ ಪರಿಹಾರ ಕೊಡದ ವ್ಯವಸ್ಥೆಯ ಪಾಲೂ ಅದರಲ್ಲಿದೆ. ಆದರೆ ಕಾರ್ಖಾನೆಯ ಮಾಲೀಕನಿಗೆ ಒಂದು ಅಳತೆಗೋಲು, ತೋಟದ ಮಾಲೀಕನಿಗೆ ಇನ್ನೊಂದು ಎಂದು ಕೇಳಲು ಬರುವುದಿಲ್ಲ.

ಹಾಗಾದರೆ ತಿಳಿವನ್ನು ಸಾಬೀತುಪಡಿಸುವುದು ಹೇಗೆ? ನ್ಯಾಯಾಲಯಕ್ಕೆ ಕಾಗದ ಬೇಕು. ಚಳವಳಿಗಳು ಈ ಒಂದು ಕೆಲಸದಲ್ಲಿ ಸೋಲುತ್ತ ಬಂದಿವೆ. ಪ್ರತಿಭಟನೆ ನಡೆಯುತ್ತದೆ, ಘೋಷಣೆ ಕೂಗಲಾಗುತ್ತದೆ, ಅಧಿಕಾರಿಯ ಕೈಗೆ ಮನವಿ ಕೊಟ್ಟು ಫೋಟೋ ತೆಗೆಸಿಕೊಳ್ಳಲಾಗುತ್ತದೆ. ಮನವಿಯ ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದು ಮರೆತುಹೋಗುತ್ತದೆ. ‘ಪರಿಸರ ನಾಶವಾಗುತ್ತಿದೆ’ ಎಂದು ಬರೆದ ಮನವಿಯಿಂದ ಕಲಂ 105ಕ್ಕೆ ಏನೂ ಸಿಗುವುದಿಲ್ಲ. ಇಂಥ ಸರ್ವೆ ನಂಬರಿನಲ್ಲಿ, ಇಷ್ಟು ಅಡಿ ಎತ್ತರಕ್ಕೆ ಗುಡ್ಡವನ್ನು ನೇರವಾಗಿ ಕಡಿಯಲಾಗಿದೆ, ಮೇಲೆ ಇಷ್ಟು ಉದ್ದದ ಬಿರುಕು ಇಂಥ ದಿನಾಂಕದಿಂದ ಕಾಣುತ್ತಿದೆ, ಕೆಳಗೆ ಇಷ್ಟು ಮನೆಗಳಿವೆ, ಕುಸಿದರೆ ಇವರ ಜೀವಕ್ಕೆ ಅಪಾಯವಿದೆ ಎಂದು ಬರೆದು, ದಾಖಲೆ ಉಳಿಯುವಂತೆ ಅಂಚೆಯಲ್ಲಿ ಕಳಿಸಿದ ಪತ್ರದಿಂದ ಸಿಗುತ್ತದೆ. ಅದು ಕಚೇರಿಗೆ ಮುಟ್ಟಿದ ದಿನದಿಂದ ತಿಳಿದಿರಲಿಲ್ಲ ಎಂದು ಹೇಳುವುದು ಆ ಮೇಜಿನವರಿಗೆ ಕಷ್ಟವಾಗುತ್ತದೆ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಆ ಪತ್ರದ ಮೇಲೆ ಯಾರು ಏನು ಷರಾ ಬರೆದರೆಂದು ಕೇಳಬೇಕು. ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಅದೇ ವಿವರ ಬರಬೇಕು.

ಭೋಪಾಲದಲ್ಲಿ ಒಬ್ಬ ವಕೀಲರು ಈ ಕೆಲಸ ಮಾಡಿದ್ದರು. ಕಾರ್ಖಾನೆಯ ವಿಷಗಳಿಂದ ಕಾರ್ಮಿಕರಿಗೂ ಸುತ್ತಲಿನ ಜನವಸತಿಗೂ ಅಪಾಯವಿದೆ, ಅದನ್ನು ನಿಲ್ಲಿಸಿ ಎಂದು 1983ರ ಮಾರ್ಚ್‌ನಲ್ಲಿ ಕಂಪನಿಗೆ ಕಾನೂನಿನ ನೋಟಿಸು ಕಳಿಸಿದ್ದರು. ಏಪ್ರಿಲ್ ಕೊನೆಯ ವೇಳೆಗೆ ಕಾರ್ಖಾನೆಯ ವ್ಯವಸ್ಥಾಪಕರಿಂದ ಅದಕ್ಕೆ ಲಿಖಿತ ಉತ್ತರವೂ ಬಂದಿತ್ತು: ಈ ಆರೋಪಗಳಿಗೆ ಆಧಾರವಿಲ್ಲ ಎಂದು.